ಹೌಸಾ ಮಾವಶಿಯ ಬೂದು ಪಟ್ಟಿ

ಹೌಸಾಬಾಯಿ ಮಾವಶಿ ಫೋಟೊ ಕಾಗದದ ಮೂಲೆಯನ್ನು ಕೆಳತುಟಿಗೆ ಮೆಲ್ಲಗೆ ತಾಗಿಸಿ ನೋಡುತ್ತಿದ್ದಳು. ತುಟಿಗೆ ಅಂಟಿಕೊಂಡರೆ ಅದು ಶಾಯಿ ಹಿಡಿಯುವ ಮೈ, ಜಾರಿದರೆ ಬೆನ್ನು. ಹೊಳಪಿಲ್ಲದ ಮ್ಯಾಟ್ ಕಾಗದದ ಎರಡೂ ಮೈ ಕಣ್ಣಿಗೆ ಒಂದೇ ಥರ ಕಾಣುತ್ತವೆ. ನಾನು ಅದೆಷ್ಟೋ ಹಾಳೆಗಳನ್ನು ಪ್ರಿಂಟರಿಗೆ ಬೋರಲು ಹಾಕಿ, ಶಾಯಿಯೆಲ್ಲ ಹರಡಿಕೊಂಡ ಮೇಲೆ ಹಣೆ ಹಣೆ ಬಡಿದುಕೊಂಡವನು. ಮಾವಶಿಯ ತುಟಿ ಒಂದು ಸಲವೂ ತಪ್ಪಲಿಲ್ಲ. ಈ ವಿದ್ಯೆ ಅವಳಿಗೆ ಫೋಟೊದಿಂದ ಬಂದದ್ದಲ್ಲ. ತಂಬಾಕಿನ ವಖಾರಿಯಲ್ಲಿ, ಅಂದರೆ ಉಗ್ರಾಣದಲ್ಲಿ, ಎಲೆಯ ಹಸಿ ಒಣ ಹದವನ್ನು ಹಾಗೆಯೇ ತುಟಿಗೆ ತಾಗಿಸಿ ನೋಡುತ್ತಿದ್ದರಂತೆ.

ನಿಪ್ಪಾಣಿಯ ಒಂದು ಓಣಿಯಲ್ಲಿ ನನ್ನ ಫೋಟೊ ಅಂಗಡಿ, ಎದುರಿಗೆ ಮಾವಶಿಯ ಮನೆ. ನೆಂಟಸ್ತಿಕೆ ಇಲ್ಲದಿದ್ದರೂ ಚಿಕ್ಕಮ್ಮ ಎನ್ನುವ ಹಾಗೆ ಅವಳನ್ನು ಮಾವಶಿ ಎಂದೇ ಕರೆಯುತ್ತಿದ್ದೆ. ನನ್ನ ಹೆಸರು ದಸ್ತಗೀರ. ಅವಳು ಖುಷಿಯಲ್ಲಿದ್ದರೆ ದಸ್ತಗೀರಾ, ಸಿಟ್ಟು ಬಂದರೆ ದಸ್ತ್ಯಾ. ದಿನಕ್ಕೆ ಎಷ್ಟು ಸಲ ದಸ್ತ್ಯಾ ಆದೆ ಎನ್ನುವುದರ ಮೇಲೆ ನನ್ನ ಅವತ್ತಿನ ಕೆಲಸ ಹೇಗಿತ್ತೆಂದು ಹೇಳಬಹುದಿತ್ತು. ಅವಳು ಮೂವತ್ತು ವರ್ಷಕ್ಕಿಂತ ಹೆಚ್ಚು ವಖಾರಿಯಲ್ಲಿ ಜರಡಿ ಹಿಡಿದವಳು. ತಂಬಾಕನ್ನು ಬಣ್ಣ ನೋಡಿ ರಾಶಿ ರಾಶಿ ಬೇರೆ ಮಾಡುವುದು ಅವಳ ಕೆಲಸ. ನಮಗೆ ಕಂದು ಎಂದರೆ ಒಂದೇ ಕಂದು. ಅವಳಿಗೆ ಅದರಲ್ಲೇ ಎಂಟು ಹತ್ತು ರಾಶಿ. ಮೊಣಕಾಲು ಸೋತ ಮೇಲೆ ಕೆಲಸ ಬಿಟ್ಟಳು. ಆಮೇಲೆ ನನ್ನ ಅಂಗಡಿಯ ಮೆಟ್ಟಿಲಿನ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತ ಕೂರುವುದು ರೂಢಿಯಾಯಿತು. ಅವರ ಮನೆಯ ಮುಂದೆ ಬೆಳಕು ಕಡಿಮೆ, ನನ್ನ ಮೆಟ್ಟಿಲಿಗೆ ಸಂಜೆಯವರೆಗೂ ಒಳ್ಳೆಯ ಬೆಳಕು.

ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ. ನನ್ನಂಥವರಿಗೆ ಉಳಿದದ್ದು ಪಾಸ್‌ಪೋರ್ಟ್ ಸೈಜು ಮತ್ತು ಹಿರಿಯರು. ಹಿರಿಯರು ಎಂದರೆ ಟ್ರಂಕಿನ ತಳದಲ್ಲಿ ಸಿಕ್ಕ ಹಳೆಯ ಕಪ್ಪು ಬಿಳುಪು ಫೋಟೊಗಳು. ಮೂಲೆ ಗೆದ್ದಲು ತಿಂದಿರುತ್ತದೆ, ಮೂಗಿನ ಮೇಲೆ ಮಡಿಕೆ ಬಿದ್ದಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ, ತಿದ್ದಿ, ದೊಡ್ಡದಾಗಿ ಪ್ರಿಂಟ್ ತೆಗೆದು, ಚೌಕಟ್ಟು ಹಾಕಿ ಕೊಡಬೇಕು. ಅದಕ್ಕೆಂದೇ ಬೂದು ಶಾಯಿಗಳಿರುವ ಒಂದು ಇಂಕ್‌ಜೆಟ್ ಪ್ರಿಂಟರ್ ತಂದೆ. ಕೊಲ್ಲಾಪುರದಿಂದ ಹತ್ತಿಯ ಮ್ಯಾಟ್ ಕಾಗದ ತರಿಸಿದೆ. ಇನ್ನು ನನ್ನನ್ನು ಹಿಡಿಯುವವರಿಲ್ಲ ಎಂದುಕೊಂಡು ಮೊದಲ ಪ್ರಿಂಟನ್ನು ಎತ್ತಿ ಹಿಡಿದು ನೋಡುತ್ತಿದ್ದೆ.

ಮೆಟ್ಟಿಲಿನಿಂದ ದನಿ ಬಂತು. "ಹಸರ ಹೊಡ್ಯಾಕತ್ತೈತಿ."

"ಮಾವಶಿ, ಇದು ಬ್ಲ್ಯಾಕ್ ಆಂಡ್ ವೈಟ್. ಇದರಾಗ ಹಸರ ಎಲ್ಲಿಂದ ಬರಬೇಕ?"

"ಎಲ್ಲಿಂದ ಬರತೈತೋ ನನಗೇನ ಗೊತ್ತ? ಬಂದೈತಿ. ಹೊರಗ ತಂದ ನೋಡ."

ಸಿಟ್ಟಿನಿಂದಲೇ ಹೊರಗೆ ತಂದೆ. ಟ್ಯೂಬ್‌ಲೈಟಿನಲ್ಲಿ ಬೂದಿಯಂತಿದ್ದ, ಫೋಟೊದೊಳಗಿನ ಅಜ್ಜನ ಕೆನ್ನೆ ಬಿಸಿಲಿಗೆ ಬಂದ ಕೂಡಲೇ ಪಾಚಿ ಹಿಡಿದ ಹಾಗಾಯಿತು. ಮಾವಶಿ ಮೊರದಿಂದ ತಲೆ ಎತ್ತಲಿಲ್ಲ. ಒಂದು ಕಲ್ಲು ಹೆಕ್ಕಿ ಬೀದಿಗೆ ಎಸೆದಳು, ಅಷ್ಟೇ.

ತಪ್ಪು ನನ್ನದೇ ಆಗಿತ್ತು. ಯಾವ ಕಾಗದ ಎಷ್ಟು ಶಾಯಿ ಕುಡಿಯುತ್ತದೆ, ಕುಡಿದ ಮೇಲೆ ಯಾವ ಬಣ್ಣದ ಕಡೆ ವಾಲುತ್ತದೆ ಎಂದು ಪ್ರಿಂಟರಿಗೆ ಮೊದಲೇ ತಿಳಿಸುವ ಒಂದು ಫೈಲ್ ಇರುತ್ತದೆ. ಅದಕ್ಕೆ ಪ್ರೊಫೈಲ್ ಎನ್ನುತ್ತಾರೆ. ಕಪ್ಪು ಬಿಳುಪು ಪ್ರಿಂಟಿಗೂ ಯಂತ್ರ ಬೂದು ಶಾಯಿಯ ಜೊತೆ ಬಣ್ಣದ ಶಾಯಿಯನ್ನು ಚೂರು ಚೂರು ಬೆರೆಸುತ್ತದೆ. ಪ್ರೊಫೈಲ್ ತಪ್ಪಿದರೆ ಆ ಚೂರೇ ಮುಖಕ್ಕೆ ಬಂದು ಕೂರುತ್ತದೆ. ನಾನು ತರಿಸಿದ ಕಾಗದಕ್ಕೆ ಪ್ರೊಫೈಲ್ ಇರಲಿಲ್ಲ. ಹೆಸರು ಹತ್ತಿರ ಇದೆಯಲ್ಲ ಎಂದು ಬೇರೆ ಯಾವುದೋ ಕಾಗದದ ಪ್ರೊಫೈಲ್ ಆರಿಸಿದ್ದೆ. ಇದನ್ನೆಲ್ಲ ವಿವರಿಸಿದಾಗ ಮಾವಶಿ ಒಂದೇ ಮಾತಿನಲ್ಲಿ ಮುಗಿಸಿದಳು.

"ಅಂದ್ರ ಇದು ಕಾಗದದ ಜಾತಕ. ನೀ ಒಬ್ಬಾಕಿ ಜಾತಕ ತೋರಿಸಿ ಇನ್ನೊಬ್ಬಾಕಿನ್ನ ಮದವಿ ಮಾಡೀ."

ಅವತ್ತಿನಿಂದ ಅವಳು ಮೆಟ್ಟಿಲಿನಿಂದ ಎದ್ದು ಒಳಗಿನ ಸ್ಟೂಲಿಗೆ ಬಂದಳು. ನಾನು ಕರೆಯಲಿಲ್ಲ, ಅವಳು ಕೇಳಲಿಲ್ಲ. ಬಣ್ಣ ಅಳೆಯುವ ಯಂತ್ರಗಳಿವೆ, ಅವು ದೊಡ್ಡ ಊರಿನವರಿಗೆ. ನನ್ನ ಹತ್ತಿರ ಇದ್ದದ್ದು ಹೌಸಾ ಮಾವಶಿ. ಅಪ್ಪಟ ಬಿಳಿಯಿಂದ ಅಪ್ಪಟ ಕಪ್ಪಿನವರೆಗೆ ಇಪ್ಪತ್ತೊಂದು ಮೆಟ್ಟಿಲಿರುವ ಒಂದು ಬೂದು ಪಟ್ಟಿಯನ್ನು ಪ್ರಿಂಟ್ ಮಾಡುತ್ತಿದ್ದೆ. ಅವಳು ಅದನ್ನು ಒಣಗಲು ಬಿಡುತ್ತಿದ್ದಳು. ಹಸಿ ಪ್ರಿಂಟಿನ ಮೇಲೆ ಮಾತಾಡಲು ಅವಳು ಒಪ್ಪುತ್ತಲೇ ಇರಲಿಲ್ಲ. "ಹಸಿ ಎಲಿ ಎಲ್ಲಾ ಚಂದನ" ಎನ್ನುತ್ತಿದ್ದಳು. ಒಣಗಿದ ಮೇಲೆ ಅದನ್ನು ಹಿಡಿದು ಟ್ಯೂಬ್‌ಲೈಟಿನ ಕೆಳಗೆ, ಬಾಗಿಲಲ್ಲಿ, ಬಿಸಿಲಲ್ಲಿ ಮೂರು ಕಡೆ ನಿಲ್ಲುವಳು. ಬೂದಿನ ಎರಡು ಮೆಟ್ಟಿಲು ಒಂದರಂತೆ ಒಂದು ಕಂಡರೆ ನಡುವೆ ಉಗುರು ಒತ್ತುವಳು. ಕಪ್ಪಿನ ಕೊನೆಯ ನಾಲ್ಕೈದು ಮೆಟ್ಟಿಲು ಕಲಸಿಕೊಂಡಿದ್ದರೆ ನಾನು ದಸ್ತ್ಯಾ.

"ದಸ್ತ್ಯಾ, ಕಾಗದಕ್ಕ ಹೊಟ್ಟಿ ಬಿರಿಯೂವಂಗ ಕುಡಿಸೀಯಲ್ಲೋ. ಇದು ಹಂಚಿನ ತಳದ ಕರಿ. ನನಗ ಎಮ್ಮಿ ಕರಿ ಬೇಕ."

"ಎರಡೂ ಕರೀನ ಅಲ್ಲೇನ ಮಾವಶಿ?"

"ಹಂಚಿನ ತಳದಾಗ ಏನ ಕಾಣತೈತಿ? ಎಮ್ಮಿ ಕರೀದ ಖರೆ, ಆದ್ರ ಅದರ ಮೈಯಾಗ ಎಲುವು ಕಾಣತೈತಿ, ಕೂದಲ ಕಾಣತೈತಿ."

ನಾನು ಶಾಯಿ ಇಳಿಸುವೆ, ಕಂಪ್ಯೂಟರಿನಲ್ಲಿ ಕಪ್ಪು ಬಿಳುಪಿನ ಏರಿಳಿತ ತಿದ್ದುವ ಕರ್ವ್ ಎಳೆಯುವೆ, ಮತ್ತೆ ಪಟ್ಟಿ ತೆಗೆಯುವೆ. ಆರು, ಏಳು, ಒಮ್ಮೊಮ್ಮೆ ಹನ್ನೊಂದು ಪಟ್ಟಿ ಆಗುತ್ತಿದ್ದವು. ಕೊನೆಗೆ ಮಾವಶಿ ಸರಿಯಾದ ಪಟ್ಟಿಯ ಬೆನ್ನಿಗೆ ಬಡಗಿಯ ನೀಲಿ ಪೆನ್ಸಿಲಿನಿಂದ ಒಂದು ಅಡ್ಡ ಗೆರೆ ಹಾಕುತ್ತಿದ್ದಳು. ಆ ಗೆರೆ ಬಿದ್ದರೆ ಪ್ರೊಫೈಲ್ ಉಳಿಸಿಕೊಂಡು ಅವಳ ಮಾತನ್ನೇ ಹೆಸರಾಗಿ ಇಡುತ್ತಿದ್ದೆ. ಇವತ್ತಿಗೂ ನನ್ನ ಕಂಪ್ಯೂಟರಿನಲ್ಲಿ ಕಾಗದ ಆರಿಸುವ ಮೆನು ತೆರೆದರೆ 'ಎಮ್ಮಿ ಕರಿ', 'ಒಲಿ ಬೂದಿ', 'ವಿಭೂತಿ' ಎಂದೇ ಬರುತ್ತದೆ. ಕಂಪ್ಯೂಟರ್ ರಿಪೇರಿಗೆ ಬಂದವನು ಒಮ್ಮೆ ಇದೇನು ಅಡುಗೆಮನೆಯೋ ದನದ ಕೊಟ್ಟಿಗೆಯೋ ಎಂದು ಕೇಳಿದ್ದ.

ಶಿರಗುಪ್ಪಿಯ ಒಂದು ಕಬ್ಬಿನ ಮನೆತನದವರು ತಮ್ಮ ಹಿರಿಯರ ಫೋಟೊ ಮಾಡಿಸಿದರು. ಕೊರಳಲ್ಲಿ ತುಳಸಿಮಣಿ, ವರ್ಷವರ್ಷವೂ ಪಂಢರಪುರಕ್ಕೆ ನಡೆದು ಹೋಗುತ್ತಿದ್ದ ಮನುಷ್ಯ. ಮಾವಶಿಯ ಗೆರೆ ಬಿದ್ದ ಪಟ್ಟಿ, ಬಂಗಾರದಂಥ ಪ್ರಿಂಟ್. ಒಯ್ದ ಎರಡನೆಯ ದಿನಕ್ಕೆ ಆ ಮನೆಯ ಸೊಸೆಯ ಫೋನ್ ಬಂತು.

"ಅಣ್ಣಾರ, ತಪ್ಪ ತಿಳಕೋಬ್ಯಾಡ್ರಿ. ನಮ್ಮ ಮಾವನೋರು ಕುಡದ ಕುಂತಂಗ ಕಾಣಾಕತ್ಯಾರ. ಮಾರಿ ಕೆಂಪ ಆಗೇತ್ರಿ. ಜನ್ಮದಾಗ ಒಂದ ಹನಿ ಮುಟ್ಟಿದವರಲ್ಲರಿ ಅವರು."

ನನಗೆ ನಗು ಬಂತು. ಮಾವಶಿ ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದು, ನಡಿ ಗ್ವಾಡಿ ನೋಡೋಣು ಎಂದಳು. ಬಸ್ಸು ಬದಲಿಸಿ ಶಿರಗುಪ್ಪಿ ಮುಟ್ಟಿದೆವು. ಪಡಸಾಲೆಯ ಗೋಡೆಗೆ ನೆಲದಿಂದ ಮಾಳಿಗೆಯವರೆಗೆ ಗಾಢ ಹಸಿರು ಆಯಿಲ್ ಪೇಂಟ್ ಹೊಡೆದಿದ್ದರು. ಆ ಹಸಿರಿನ ನಡುವೆ ನಮ್ಮ ಶುದ್ಧ ಬೂದು ಮುಖ ನಿಜವಾಗಿಯೂ ಕೆಂಪೇರಿ ಕೂತಿತ್ತು. ಕೆಳಗಿಳಿಸಿ ಅಂಗಳಕ್ಕೆ ತಂದರೆ ಮತ್ತೆ ಬೂದು. ಮಾವಶಿ ಸೊಂಟದ ಚೀಲದಿಂದ ಹಳೆಯ ಬೂದು ಪಟ್ಟಿಗಳನ್ನೆಲ್ಲ ತೆಗೆದು ಒಂದೊಂದಾಗಿ ಗೋಡೆಗೆ ಹಿಡಿದಳು. ನಾವು ತಪ್ಪೆಂದು ಬಿಟ್ಟಿದ್ದ, ಚೂರು ಹಸಿರು ಹೊಡೆಯುತ್ತಿದ್ದ ಒಂದು ಪಟ್ಟಿ ಆ ಗೋಡೆಯ ಮೇಲೆ ಅಗದಿ ಸರಿಯಾಗಿ ಕಂಡಿತು. ಅದರಂತೆ ಮತ್ತೊಮ್ಮೆ ಪ್ರಿಂಟ್ ತೆಗೆದು ಕೊಟ್ಟೆವು. ಹಿರಿಯರ ಮಾನ ಉಳಿಯಿತು.

ಬಸ್ಸಿನಲ್ಲಿ ಬರುವಾಗ ಮಾವಶಿ ಹೇಳಿದ್ದು ನನ್ನ ಕಸುಬಿನ ಕಾನೂನೇ ಆಯಿತು. "ಫೋಟೊ ನಿನ್ನ ಅಂಗಡ್ಯಾಗ ಇರೂದ ಎರಡ ದಿನ, ಗ್ವಾಡಿ ಮ್ಯಾಲ ಇರೂದ ಎರಡ ತಲಿಮಾರ. ಇನ್ನ ಮ್ಯಾಲ ಗ್ವಾಡಿ ನೋಡಲಾರದ ಪ್ರಿಂಟ ಒತ್ತಬ್ಯಾಡ." ಅಥಣಿ, ಕಾಗವಾಡ, ರಾಯಬಾಗದ ಎಷ್ಟು ಪಡಸಾಲೆಗಳನ್ನು ನಾವಿಬ್ಬರೂ ನೋಡಿದೆವೋ ಲೆಕ್ಕ ಇಟ್ಟಿಲ್ಲ. ಹೋದಲ್ಲೆಲ್ಲ ಚಹಾ, ಗೋಡೆ, ಪಟ್ಟಿ. ಯಡೂರಿನ ಒಂದು ಮನೆಯಲ್ಲಿ ಫೋಟೊ ಎಲ್ಲಿ ಹಾಕಬೇಕೆಂದು ಅಣ್ಣತಮ್ಮಂದಿರು ಜಗಳಕ್ಕೆ ನಿಂತಾಗ ಮಾವಶಿಯೇ ಮೊಳೆಯ ಜಾಗ ತೋರಿಸಿ ಬಂದಿದ್ದಳು.

ಇಷ್ಟು ಹೇಳಿದ ಮೇಲೆ, ನಾನು ಅವಳಿಗೆ ಮಾಡಿದ ಮೋಸವನ್ನೂ ಹೇಳಬೇಕು.

ಒಂದು ಮಳೆಗಾಲದಲ್ಲಿ ಮಾವಶಿಗೆ ಎಲ್ಲ ಪಟ್ಟಿಗಳೂ ಕಂದು ಕಾಣತೊಡಗಿದವು. "ಕಂದ ಹೊಡ್ಯಾಕತ್ತೈತಿ" ಎನ್ನುವಳು. ನಾನು ಚೂರು ನೀಲಿ ಕೂಡಿಸುವೆ. "ಇನ್ನೂ ಹೊಡ್ಯಾಕತ್ತೈತಿ." ಇನ್ನೊಂದು ಚೂರು. ಅವಳ ಗೆರೆ ಬಿದ್ದ ಪಟ್ಟಿ ನನ್ನ ಕಣ್ಣಿಗೆ ನೀಲಿಯಾಗಿ ಕಂಡರೂ, ನನ್ನ ಕಣ್ಣನ್ನು ಅವಳ ಕಣ್ಣಿನ ಮುಂದೆ ನಂಬುವ ಧೈರ್ಯ ನನಗಿರಲಿಲ್ಲ. ಆಮೇಲೆ ತೆಲಸಂಗದ ಒಬ್ಬರು ತಮ್ಮ ತಂದೆಯ ಫೋಟೊ ಕೈಗೆ ತೆಗೆದುಕೊಂಡು ಮುಜುಗರದಿಂದ ಅಂದರು: "ಚಲೋ ಆಗೇತ್ರಿ. ಆದ್ರ ಅಪ್ಪ ಥಂಡ್ಯಾಗ ನಡುಗಾಕತ್ತಂಗ ಕಾಣತಾನ." ಅದನ್ನು ಅವರ ಕೈಯಿಂದ ವಾಪಸು ಇಸಿದುಕೊಂಡೆ. ಮಾವಶಿ ಮನೆಗೆ ಊಟಕ್ಕೆ ಹೋಗಿದ್ದಳು. ಅವಳು ಬಂದ ಮೇಲೆ ನಾಲ್ಕು ವರ್ಷದ ಹಿಂದಿನ, ಅವಳದೇ ನೀಲಿ ಗೆರೆ ಇದ್ದ ಪಟ್ಟಿಯನ್ನು ಬೆನ್ನು ಕಾಣದ ಹಾಗೆ ಹಿಡಿದು ತೋರಿಸಿದೆ.

"ಕಂದ," ಎಂದಳು. "ಇದ್ಯಾವ ಕಾಗದ? ಇದನ್ನ ಬಿಟ್ಟಬಿಡ."

ಅವಳ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಬಂದ ಕಣ್ಣು ಲೋಕವನ್ನು ಹಳದಿ ಗಾಜಿನ ಹಿಂದಿನಿಂದ ನೋಡುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ತಂದೆಗೂ ಬಂದಿತ್ತು. ಹೇಳಬೇಕಾದದ್ದು ಒಂದೇ ಮಾತು. ಅದು ಬಾಯಿಂದ ಹೊರಡಲಿಲ್ಲ. ಮೊಣಕಾಲು ಹೋದ ಮೇಲೆ ಆ ಹೆಂಗಸಿಗೆ ಉಳಿದದ್ದು ಕಣ್ಣೊಂದೇ, ಆ ಕಣ್ಣಿನ ಮೇಲೆಯೇ ಅವಳು ಮತ್ತೆ ಎದ್ದು ನಿಂತಿದ್ದಳು. ಹೀಗಾಗಿ ನಾನು ಸುಲಭದ ದಾರಿ ಹಿಡಿದೆ. ಅವಳ ಮುಂದೆ ಅವಳು ಹೇಳಿದ ಹಾಗೆ ಒಂದು ಪ್ರಿಂಟ್ ತೆಗೆಯುತ್ತಿದ್ದೆ. ಅವಳು ಊಟಕ್ಕೆ ಹೋದಾಗ ಹಳೆಯ ಗೆರೆಯ ಪಟ್ಟಿ ನೋಡಿಕೊಂಡು ಇನ್ನೊಂದು ತೆಗೆದು ಅದಕ್ಕೆ ಚೌಕಟ್ಟು ಹಾಕುತ್ತಿದ್ದೆ. ನೀಲಿ ಪ್ರಿಂಟುಗಳು ಕಪಾಟಿನ ಹಿಂದೆ ಸೇರಿದವು. ಹೀಗೆ ಎರಡು ಮಳೆಗಾಲ ಕಳೆದವು.

ಆ ನಡುವೆ ಅವಳ ಗಂಡ ಧೋಂಡಿಬಾ ಕಾಕಾ ತೀರಿಕೊಂಡರು. ವಖಾರಿಯಲ್ಲಿ ಚೀಲ ಹೊರುತ್ತಿದ್ದವರು, ಮಾತು ಕಡಿಮೆ. ವಖಾರಿಯವರೆಲ್ಲ ಸೇರಿ ತೆಗೆಸಿಕೊಂಡ ಒಂದು ಕಪ್ಪು ಬಿಳುಪು ಗುಂಪು ಫೋಟೊದಲ್ಲಿ ಅವರ ಹರೆಯದ ಮುಖವಿತ್ತು, ಹುಣಸೆಬೀಜದಷ್ಟು. ಅದನ್ನು ದೊಡ್ಡದು ಮಾಡಿ ತಿದ್ದಲು ನನಗೆ ಒಂಬತ್ತು ದಿನ ಹಿಡಿಯಿತು. ಮಾವಶಿ ಸ್ಟೂಲಿನ ಮೇಲೆ ಕೂತು ಪಟ್ಟಿ ತೆಗೆಸಿದಳು. ಕಂದ, ಕಂದ, ಇನ್ನೂ ಕಂದ. ಹದಿಮೂರನೆಯದಕ್ಕೆ ಕೈ ನಿಲ್ಲಿಸಿದಳು.

"ಇದ. ಇದು ಅವರ ಮೈಬಣ್ಣ."

ಅದು ಬಟ್ಟೆಗೆ ಹಾಕುವ ನೀಲಿಯ ಹಾಗಿತ್ತು. ಪ್ರಿಂಟ್ ಹೊರಗೆ ಬಂದ ಕೂಡಲೇ, ಜೀವನದಲ್ಲಿ ಮೊದಲ ಸಲ, ಒಣಗುವುದಕ್ಕೂ ಕಾಯದೆ, ಎರಡೂ ಕೈಯಲ್ಲಿ ಹಿಡಿದು ಮನೆಗೆ ನಡೆದಳು. ಬದಲಿಸಲು ನನಗೆ ಸಮಯವೂ ಸಿಗಲಿಲ್ಲ. ಸಿಕ್ಕಿದ್ದರೂ ಕೈ ಏಳುತ್ತಿರಲಿಲ್ಲ.

ಚಿಕ್ಕೋಡಿಯಲ್ಲಿ ಕಣ್ಣಿನ ಶಿಬಿರ ನಡೆದಾಗ ಅವಳ ಮಗಳು ಸುಶೀಲಾ ರಾಯಬಾಗದಿಂದ ಬಂದು ಪೊರೆ ತೆಗೆಸಲೇಬೇಕೆಂದು ಹಟ ಹಿಡಿದಳು. ನಾನೂ ಜೊತೆಗೆ ಹೋದೆ. ಬಲಗಣ್ಣಿನ ಪೊರೆ ತೆಗೆದರು. ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಿದ ನಾಲ್ಕನೆಯ ದಿನ ಮಾವಶಿ ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದಳು. ಕೂರಲಿಲ್ಲ. ಪಟ್ಟಿಗಳ ಡಬ್ಬಿ ತೆಗೆ ಎಂದಳು. ಕನ್ನಡಕ ತೆಗೆದು ಒಮ್ಮೆ ಎಡಗಣ್ಣು ಮುಚ್ಚಿ, ಒಮ್ಮೆ ಬಲಗಣ್ಣು ಮುಚ್ಚಿ, ಎಲ್ಲವನ್ನೂ ನೋಡಿದಳು.

"ಎರಡ ವರ್ಷದಾಗ ಎಷ್ಟ ಮನಿಗೆ ನೀಲಿ ಹೋಗ್ಯಾವ ದಸ್ತಗೀರಾ?"

"ಒಂದೂ ಹೋಗಿಲ್ಲ ಮಾವಶಿ." ಕಪಾಟಿನ ಹಿಂದಿನ ಕಟ್ಟು ತಂದು ಮುಂದೆ ಇಟ್ಟೆ. "ಒಂದ ಹೋಗೇತಿ. ನಿಮ್ಮನಿಗೆ."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ವಖಾರ್ಯಾಗ ಕಣ್ಣ ಹೋದಾಕಿನ್ನ ಎಬಸಿ ಬ್ಯಾರೆ ಕೆಲಸಕ್ಕ ಹಚತಿದ್ರು. ಎದಿಗೆ ಒದ್ದಂಗ ಆಗತಿತ್ತ, ಖರೆ. ಆದ್ರ ಯಾರನೂ ಸುಳ್ಳ ರಾಶಿ ಮುಂದ ಕುಂದರಸತಿದ್ದಿಲ್ಲ."

ಅಷ್ಟು ಹೇಳಿ ಹೋದಳು. ಎಂಟು ದಿನ ಎದುರು ಮನೆಯ ಬಾಗಿಲು ಅರ್ಧ ಮುಚ್ಚೇ ಇತ್ತು. ಮೊರ ಮೆಟ್ಟಿಲಿಗೆ ಬರಲಿಲ್ಲ. ನಾನು ಎರಡು ಸಲ ಹೋಗಿ ಹೊಸ್ತಿಲಲ್ಲಿ ನಿಂತು ವಾಪಸು ಬಂದೆ. ಒಂಬತ್ತನೆಯ ದಿನ ನಾನು ಯಾವುದೋ ಪ್ರಿಂಟನ್ನು ಬಾಗಿಲಲ್ಲಿ ಹಿಡಿದು ನೋಡುತ್ತಿದ್ದಾಗ ಓಣಿಯ ಆ ಕಡೆಯಿಂದ ಕೂಗು ಬಂತು. "ದಸ್ತ್ಯಾ! ಕೆಂಪ ಹೊಡ್ಯಾಕತ್ತೈತಿ, ಕಣ್ಣ ಎಲ್ಲಿಟ್ಟೀ?" ನನ್ನನ್ನು ಯಾರಾದರೂ ಬೈದದ್ದಕ್ಕೆ ಕಣ್ಣಲ್ಲಿ ನೀರು ಬಂದದ್ದು ಅದೊಂದೇ ಸಲ.

ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಕರಾರು ಹಾಕಿದಳು. "ಇನ್ನ ಮ್ಯಾಲ ಒಂದ ಪ್ರಿಂಟ ತಗಿ. ನನ್ನ ಮಾತ ತಪ್ಪಿದ್ರ ತಪ್ಪ ಅನ್ನ. ಎರಡ ಮಾಡಬ್ಯಾಡ." ನಾನು ಒಪ್ಪಿದೆ. ಕಾಕಾನ ಫೋಟೊವನ್ನು ಮತ್ತೆ ಪ್ರಿಂಟ್ ಮಾಡಿ ಕೊಡುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿದಳು.

"ಇರಲಿ ಬಿಡ. ಅವರು ಹ್ವಾದ ಹೊತ್ತಿನ್ಯಾಗ ನನ್ನ ಕಣ್ಣಿಗೆ ಅವರು ಹಂಗ ಇದ್ರು."

ಎಡಗಣ್ಣಿನ ಪೊರೆ ತೆಗೆಸಲು ಮಾತ್ರ ಅವಳು ಕೊನೆಯವರೆಗೂ ಒಪ್ಪಲಿಲ್ಲ. ಸುಶೀಲಾ ಅತ್ತಳು, ನಾನು ಕಾಲು ಹಿಡಿದೆ. "ಈ ಫೋಟೊ ದಿನಾ ನೋಡಾವ್ರು ಯಾರು? ಮುದುಕ್ಯಾರು. ಅವರಂಥಾ ಕಣ್ಣ ಒಂದಾದ್ರೂ ನನ್ನ ಹತ್ರ ಇರಲಿ," ಎನ್ನುತ್ತಿದ್ದಳು. ಬಲಗಣ್ಣಿನಿಂದ ಗೋಡೆ ನೋಡುವುದು, ಎಡಗಣ್ಣಿನಿಂದ ಆ ಮನೆಯ ಅಜ್ಜಿಗೆ ಮುಖ ಕಾಣುತ್ತದೋ ಇಲ್ಲವೋ ನೋಡುವುದು. ಎಡಗಣ್ಣಿಗೆ ಕೆನ್ನೆಯೂ ಕಣ್ಣಗುಳಿಯೂ ಒಂದಾಗಿ ಕಂಡರೆ ನಡುವಿನ ಬೂದನ್ನು ತಿಳಿಯಾಗಿಸಲು ಹೇಳುತ್ತಿದ್ದಳು. ಹಾಗೆ ಮಾಡಿದ ಒಂದು ಪ್ರೊಫೈಲಿಗೆ 'ಮುದುಕಿ ಕಣ್ಣ' ಎಂದು ಹೆಸರಿಟ್ಟೆ. ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಸೊಸೆಯಂದಿರು ಫೋಟೊ ಒಯ್ಯುವಾಗ ಚೆನ್ನಾಗಿದೆ ಎನ್ನುತ್ತಿದ್ದರು; ಅತ್ತೆಯಂದಿರು ಫೋಟೊದ ಮುಂದೆ ಕೂತು ಮಾತಾಡುತ್ತಿದ್ದರು.

ಹೋದ ಶ್ರಾವಣದಲ್ಲಿ ಮಾವಶಿ ಹೋದಳು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ. ಮೆಟ್ಟಿಲಿನ ಮೇಲೆ ಅವಳು ಕೂತಾಗ ನಾನು ತೆಗೆದಿದ್ದ ಒಂದು ಫೋಟೊ ಇತ್ತು, ನೆಟ್ಟಗೆ ನನ್ನನ್ನೇ ನೋಡುತ್ತಿರುವುದು. ಕಲರ್‌ನಲ್ಲಿ ಮಾಡು ಎಂದು ಸುಶೀಲಾ ಮೊದಲು ಹೇಳಿದಳು. ನನ್ನ ಕೈ ಪಟ್ಟಿಗಳ ಡಬ್ಬಿಯ ಕಡೆ ಹೋದದ್ದು ನೋಡಿ, ನಿನಗ ತಿಳದಂಗ ಮಾಡಣ್ಣಾ ಎಂದಳು.

ಪಟ್ಟಿಗಳ ಡಬ್ಬಿ ಹಿಡಿದು ಎದುರು ಮನೆಗೆ ಹೋದೆ. ಸುಣ್ಣ ಬಳಿದ ಗೋಡೆ, ಮೇಲೆ ಧೋಂಡಿಬಾ ಕಾಕಾ, ಪಕ್ಕದಲ್ಲಿ ಸುಶೀಲಾ ಹೊಡೆಸಿದ ಹೊಸ ಮೊಳೆ. ಮಾವಶಿಯ ಗೆರೆ ಇದ್ದ, ಎಲ್ಲಕ್ಕಿಂತ ಶುದ್ಧವಾದ ಬೂದು ಪಟ್ಟಿಯನ್ನು ಆ ಮೊಳೆಯ ಕೆಳಗೆ ಹಿಡಿದೆ. ಎಷ್ಟೋ ವರ್ಷ ನಾನು ದೇವರಂತೆ ನಂಬಿದ ಪಟ್ಟಿ ಅದು. ಕಾಕಾನ ನೀಲಿ ಮುಖದ ಪಕ್ಕದಲ್ಲಿ ಅದು ಕಂದಾಗಿ ಕಂಡಿತು. ಹಿಂದೆ ಸರಿದು ನೋಡಿದೆ, ಬಾಗಿಲು ಪೂರ್ತಿ ತೆರೆದು ನೋಡಿದೆ. ಕಂದೇ. ಒಣಗಿದ ತಂಬಾಕಿನ ಕಂದು. ಎರಡು ಮಳೆಗಾಲ ಅವಳು ನನಗೆ ತೋರಿಸುತ್ತಿದ್ದದ್ದು, ನಾನು ಕಾಣದೆ ಬಚ್ಚಿಟ್ಟದ್ದು, ಆ ಗೋಡೆಯ ಮೇಲೆ ನನ್ನ ಕಣ್ಣಿಗೇ ಬಿತ್ತು.

"ಕಂದ ಹೊಡ್ಯಾಕತ್ತೈತಿ ಮಾವಶಿ," ಎಂದೆ, ಗಟ್ಟಿಯಾಗಿಯೇ. ಒಳಗಿನಿಂದ ಸುಶೀಲಾ ಏನಣ್ಣಾ ಎಂದಳು.

ಕಣ್ಣು ಕೊಟ್ಟವರು ತಾಯಿ ತಂದೆ. ನೋಡುವುದನ್ನು ಕೊಟ್ಟವಳು ಎದುರು ಮನೆಯ ಈ ಹೆಂಗಸು. ಅದಕ್ಕೆ ನಾನು ಅವಳಿಗೆ ಒಂದು ಸಲವೂ ಬಾಯಿಬಿಟ್ಟು ಉಪಕಾರವಾಯಿತು ಎಂದು ಹೇಳಿರಲಿಲ್ಲ. ಹೇಳಿದ್ದರೆ ದಸ್ತ್ಯಾ ಎಂದು ಬೈಯುತ್ತಿದ್ದಳೇನೋ.

ಅಂಗಡಿಗೆ ಬಂದು ಹಾಳೆಯ ಮೂಲೆಯನ್ನು ಕೆಳತುಟಿಗೆ ತಾಗಿಸಿದೆ. ಅಂಟಿತು. ಕಾಕಾನ ಫೋಟೊಕ್ಕೆ ಅವಳು ಆರಿಸಿದ ಹದಿಮೂರನೆಯ ಪಟ್ಟಿಯ ಪ್ರೊಫೈಲ್ ಕಂಪ್ಯೂಟರಿನಲ್ಲಿ ಹಾಗೇ ಇತ್ತು, ಅದಕ್ಕೆ ನಾನು ಹೆಸರೂ ಇಟ್ಟಿರಲಿಲ್ಲ. ಅದನ್ನೇ ಆರಿಸಿ ಮಾವಶಿಯ ಮುಖವನ್ನು ಪ್ರಿಂಟರಿಗೆ ಕಳಿಸಿದೆ. ಪೂರ್ತಿ ಒಣಗುವವರೆಗೆ ಕಾದೆ. ಆಮೇಲೆ ಒಯ್ದು ಹೊಸ ಮೊಳೆಗೆ ಹಾಕಿದೆ. ಗಂಡ ಹೆಂಡತಿ ಇಬ್ಬರೂ ಒಂದೇ ಬಣ್ಣದಲ್ಲಿ ಕೂತರು. ಒಂದೇ ಪ್ರಿಂಟ್ ತೆಗೆದಿದ್ದೆ, ಎರಡನೆಯದು ಮಾಡಲಿಲ್ಲ.